ಎಲ್ಮ್‌ನಲ್ಲಿ ಅಂಥದ್ದೇನಿದೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಊರಿಂದ ಸ್ವಿಟ್ಜರ್ಲೆಂಡಿಗೆ ಯಾರೇ ಬರಲಿ, ನೋಡಬೇಕಾದ ಜಾಗಗಳ ಪಟ್ಟಿ ವೀಸಾ ಸಿಗುವ ಮೊದಲೇ ತಯಾರಾಗಿರುತ್ತದೆ. ಜುಂಗ್‌ಫ್ರೌ, ಟಿಟ್ಲಿಸ್, ಇಂಟರ್‌ಲಾಕನ್, ಲೂಸರ್ನ್‌ನ ಮರದ ಸೇತುವೆ. ಎಲ್ಲ ಚೆಂದದ ಜಾಗಗಳೇ, ಬೇಡ ಅನ್ನುವುದಿಲ್ಲ. ಆದರೆ "ಒಂದು ದಿನ ಎಲ್ಮ್‌ಗೆ ಹೋಗಿಬರೋಣ" ಅಂತ ನಾನು ಅಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು. ಕಳೆದ ಸಲ ಬಂದಿದ್ದ ಸೋದರಮಾವನೂ ಅದನ್ನೇ ಕೇಳಿದರು. "ಹೆಸರೇ ಕೇಳಿಲ್ಲವಲ್ಲೋ. ಅಲ್ಲಿ ಅಂಥದ್ದೇನಿದೆ?"

ಅಲ್ಲಿರುವುದು ಒಂದು ಗೆರೆ. ಬೆಟ್ಟದ ಮೈಮೇಲೆ ಯಾರೋ ಅಡ್ಡಪಟ್ಟಿ ಹಿಡಿದು ಎಳೆದ ಹಾಗಿರುವ ಗೆರೆ. ಅದನ್ನು ಅರ್ಥ ಮಾಡಿಕೊಂಡರೆ ಆ ಊರಿನ ಅರ್ಧ ಚರಿತ್ರೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಮೊದಲು ದಾರಿ ಹೇಳಿಬಿಡುತ್ತೇನೆ. ಎಲ್ಮ್ ಇರುವುದು ಸ್ವಿಟ್ಜರ್ಲೆಂಡಿನ ಪೂರ್ವ ಭಾಗದ ಗ್ಲಾರಸ್ ಎಂಬ ಸಣ್ಣ ಕ್ಯಾಂಟನ್‌ನಲ್ಲಿ, ಅಂದರೆ ನಮ್ಮ ರಾಜ್ಯದ ಹಾಗೆ. ಜ್ಯೂರಿಕ್‌ನಿಂದ ರೈಲಲ್ಲಿ ಶ್ವಾಂಡನ್‌ವರೆಗೆ ಹೋಗಬೇಕು, ಅಲ್ಲಿಂದ ಬಸ್ಸು. 1905ರಿಂದ 1969ರವರೆಗೆ ಈ ಕಣಿವೆಯಲ್ಲೇ ಒಂದು ಪುಟ್ಟ ರೈಲು ಓಡುತ್ತಿತ್ತು, ಈಗಿಲ್ಲ. ಬಸ್ಸು ಸೆರ್ನ್ಫ್ ಹೊಳೆಯ ಪಕ್ಕದಲ್ಲೇ ಏರುತ್ತದೆ. ಎಂಗಿ ದಾಟಿ, ಮಾಟ್ ದಾಟಿ, ಕೊನೆಗೆ ಎಲ್ಮ್. ಎತ್ತರ ಸಮುದ್ರ ಮಟ್ಟದಿಂದ ಸುಮಾರು 1000 ಮೀಟರ್. ಬಸ್ಸಿನ ದಾರಿ ಅಲ್ಲಿಗೆ ಮುಗಿಯುತ್ತದೆ. ಮುಂದೆ ಬೆಟ್ಟ ದಾಟಬೇಕೆಂದರೆ ಕಾಲ್ನಡಿಗೆಯೇ. ಮೂರು ಕಡೆಯೂ ಬೆಟ್ಟ, ಮೇಲೆ ಒಂದಿಷ್ಟು ಆಕಾಶ.

ಬಸ್ಸಿಳಿದು ತಲೆ ಎತ್ತಿದರೆ ಚಿಂಗಲ್‌ಹೋರ್ನರ್ ಶಿಖರಗಳು ಕಾಣುತ್ತವೆ, ಗರಗಸದ ಹಲ್ಲಿನ ಹಾಗೆ. ಅದರ ಮೇಲ್ಭಾಗ ಒಂದು ಬಣ್ಣ, ಕೆಳಭಾಗ ಇನ್ನೊಂದು ಬಣ್ಣ. ನಡುವೆ ಆ ಗೆರೆ. ಗೆರೆಯ ಮೇಲಿನ ಕಲ್ಲಿಗೆ 25ರಿಂದ 30 ಕೋಟಿ ವರ್ಷ ವಯಸ್ಸು. ಕೆಳಗಿನದಕ್ಕೆ ಬರೀ ಮೂರೂವರೆಯಿಂದ ಐದು ಕೋಟಿ. ಅಂದರೆ ಅಜ್ಜ ಮೊಮ್ಮಗನ ಹೆಗಲ ಮೇಲೆ ಕೂತಿದ್ದಾನೆ! ಮಣ್ಣು, ಮರಳು ಪದರ ಪದರವಾಗಿ ಕೂರುವಾಗ ಹಳೆಯದು ಅಡಿಯಲ್ಲಿ, ಹೊಸದು ಮೇಲೆ ಇರಬೇಕಲ್ವಾ? ಇಲ್ಲಿ ತಲೆಕೆಳಗು.

ಆಫ್ರಿಕಾ ಕಡೆಯ ಭೂಭಾಗ ಯುರೋಪನ್ನು ಒತ್ತಿದಾಗ ಆಲ್ಪ್ಸ್ ಹುಟ್ಟಿದವು. ಆ ಒತ್ತಡಕ್ಕೆ ಹಳೆಯ ಕಲ್ಲಿನ ದೊಡ್ಡ ಹಾಸೊಂದು ಕಿತ್ತುಬಂದು, ಹೊಸ ಕಲ್ಲಿನ ಮೇಲೆ ಕನಿಷ್ಠ 35 ಕಿಲೋಮೀಟರ್ ಉತ್ತರಕ್ಕೆ ಜಾರಿತು. ಈಗ ಸುಲಭವಾಗಿ ಹೇಳಿಬಿಡುತ್ತೇವೆ. 19ನೇ ಶತಮಾನದಲ್ಲಿ ಇದನ್ನು ನಂಬುವುದೇ ಕಷ್ಟವಿತ್ತು. ಈ ಬೆಟ್ಟಗಳನ್ನು ವರ್ಷಾನುಗಟ್ಟಲೆ ಅಳೆದ ಭೂವಿಜ್ಞಾನಿ ಅರ್ನಾಲ್ಡ್ ಎಷರ್, ಎರಡು ಕಡೆಯಿಂದ ಮಡಚಿಕೊಂಡ ಪದರಗಳು ಎಂದು ವಿವರಿಸಿದರು. ಅವರ ಶಿಷ್ಯ ಆಲ್ಬರ್ಟ್ ಹೈಮ್ ಕೂಡ ಅದನ್ನೇ ಹಿಡಿದರು. 1884ರಲ್ಲಿ ಮಾರ್ಸೆಲ್ ಬೆರ್ತ್ರಾಂ ಎಂಬ ಫ್ರೆಂಚ್ ವಿಜ್ಞಾನಿ, ಇದು ಮಡಿಕೆಯಲ್ಲ, ಒಂದೇ ಹಾಸು ಜಾರಿ ಬಂದಿರುವುದು ಅಂದರು. ಹೈಮ್ ಅದನ್ನು ಒಪ್ಪಿಕೊಳ್ಳಲು ಸುಮಾರು ಎರಡು ದಶಕ ಹಿಡಿಯಿತು. ಆದರೆ ಒಪ್ಪಿದರು, ಅದೂ ಬಹಿರಂಗವಾಗಿ. ಇಡೀ ಆಯಸ್ಸು ಸಾಧಿಸಿದ್ದನ್ನು ತಪ್ಪು ಅಂತ ಒಪ್ಪಿಕೊಳ್ಳುವವರು ಎಷ್ಟು ಜನ ಸಿಗುತ್ತಾರೆ? ಆ ಕಾರಣಕ್ಕೇ ನನಗೆ ಹೈಮ್ ಮೇಲೆ ಗೌರವ. 2008ರಲ್ಲಿ ಯುನೆಸ್ಕೋ ಈ ಪ್ರದೇಶವನ್ನು ಸಾರ್ಡೋನಾ ಎಂಬ ಹೆಸರಿನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ಗೆರೆಯ ಕೆಳಗೆ ಬನ್ನಿ. ಅಲ್ಲಿರುವ ಹೊಸ ಕಲ್ಲಿನಲ್ಲಿ ಒಂದು ಜಾತಿ ತೆಳ್ಳಗೆ ಹಾಳೆ ಹಾಳೆಯಾಗಿ ಬಿಡುತ್ತದೆ. ಅದೇ ಸ್ಲೇಟು. ನಾವು ಒಂದನೇ ಕ್ಲಾಸಿನಲ್ಲಿ ಬಳಪ ಹಿಡಿದು ಅ ಆ ಇ ಈ ತಿದ್ದಿದ ಸ್ಲೇಟು.

ಈ ಕಣಿವೆಯಲ್ಲಿ, ಅದರಲ್ಲೂ ಎಂಗಿಯಲ್ಲಿ, ನೂರಾರು ವರ್ಷ ಸ್ಲೇಟು ಕಲ್ಲು ತೆಗೆದಿದ್ದಾರೆ. ಚಾವಣಿಗೆ, ಮೇಜಿನ ಮೇಲ್ಹಾಸಿಗೆ, ಶಾಲೆಯ ಮಕ್ಕಳಿಗೆ. ಕಲ್ಲು ಸೀಳುವಾಗ ಮೀನಿನ ಅಚ್ಚುಗಳೂ ಸಿಗುತ್ತಿದ್ದವು, ಮುಳ್ಳು ಮುಳ್ಳೂ ಕಾಣುವಂತೆ. ಒಂದಾನೊಂದು ಕಾಲಕ್ಕೆ ಅದು ಸಮುದ್ರದ ತಳದ ಕೆಸರು, ಅದಕ್ಕೇ. ಎಲ್ಮ್‌ನಲ್ಲಿ ಹಳೆಯ ಸ್ಲೇಟು ಕಾರ್ಖಾನೆಯೊಂದನ್ನು ಯಂತ್ರಗಳ ಸಮೇತ ಹಾಗೆಯೇ ಉಳಿಸಿಕೊಂಡಿದ್ದಾರೆ. ಮೊದಲ ಸಲ ಒಳಗೆ ಹೋದಾಗ ನಾನು ಜಾಸ್ತಿ ಹೊತ್ತು ನಿಂತದ್ದು ಗೆರೆ ಎಳೆದ ಒಂದು ಸ್ಲೇಟಿನ ಮುಂದೆ. ಮರದ ಚೌಕಟ್ಟು, ಮೂಲೆಗಳು ಸವೆದು ದುಂಡಾಗಿವೆ. ಕಪ್ಪು ಕಲ್ಲಿನ ಮೇಲೆ ಸಣ್ಣ ಸಣ್ಣ ಗೆರೆ ಕೊರೆದಿದ್ದಾರೆ, ಮಕ್ಕಳ ಅಕ್ಷರ ಮೇಲೆ ಕೆಳಗೆ ಹೋಗದಿರಲಿ ಅಂತ. ಬೆರಳಾಡಿಸಿದರೆ ಆ ಗೆರೆ ಉಗುರಿಗೆ ಸಿಗುತ್ತದೆ. ನನ್ನ ಸ್ಲೇಟಿನಲ್ಲೂ ಒಂದು ಬದಿಗೆ ಹೀಗೇ ಗೆರೆ ಇತ್ತು. ಎಂಜಲು ಹಚ್ಚಿ ಒರೆಸಿ ಟೀಚರ್ ಕೈಯಲ್ಲಿ ಬೈಸಿಕೊಂಡದ್ದೂ ನೆನಪಾಯಿತು. ಅದೇ ವಾಸನೆ, ಮಳೆ ಬಿದ್ದ ಕಲ್ಲಿನದು.

ಇಷ್ಟರವರೆಗೆ ಸ್ಲೇಟು ಈ ಊರಿಗೆ ಅನ್ನ ಕೊಟ್ಟ ಕಥೆ. ಅದೇ ಸ್ಲೇಟು ಊರನ್ನು ಮುಗಿಸಿದ ಕಥೆಯೂ ಇದೆ.

1874ರಲ್ಲಿ ಸ್ವಿಟ್ಜರ್ಲೆಂಡಿನ ಸಂವಿಧಾನ ಎಲ್ಲ ಮಕ್ಕಳಿಗೂ ಪ್ರಾಥಮಿಕ ಶಾಲೆಯನ್ನು ಕಡ್ಡಾಯ ಮಾಡಿತು. ಯುರೋಪಿನ ಬೇರೆ ಕಡೆಗಳಲ್ಲೂ ಶಾಲೆಗಳು ಹೆಚ್ಚುತ್ತಿದ್ದ ಕಾಲ ಅದು. ಸ್ಲೇಟಿಗೆ ಒಳ್ಳೆಯ ಬೇಡಿಕೆ. ಎಲ್ಮ್‌ನವರು 1860ರ ದಶಕದ ಕೊನೆಯಲ್ಲಿ ಊರ ಮೇಲಿನ ಚಿಂಗಲ್‌ಬೆರ್ಗ್ ಬುಡದಲ್ಲಿ ಕ್ವಾರಿ ತೆರೆದರು. ಹೊಲ ಕಡಿಮೆ, ಚಳಿಗಾಲ ಉದ್ದ, ದನ ಬಿಟ್ಟರೆ ಬೇರೆ ಆದಾಯವಿಲ್ಲದ ಊರಿಗೆ ಅದು ದೊಡ್ಡ ಆಸರೆ. ಆದರೆ ಕಲ್ಲನ್ನು ಬೆಟ್ಟದ ಬುಡದಿಂದ ಅಡ್ಡಡ್ಡಕ್ಕೆ ಕೊರೆಯುತ್ತಾ ಹೋದರು. ಸುಮಾರು 180 ಮೀಟರ್ ಅಗಲ, ಒಳಕ್ಕೆ 60 ಮೀಟರಿಗೂ ಹೆಚ್ಚು. ಮೇಲಿನ ಬೆಟ್ಟಕ್ಕೆ ಸರಿಯಾದ ಆಸರೆಯ ಕಂಬಗಳನ್ನೇ ಬಿಡಲಿಲ್ಲ. ಗೋಡೆಯ ಬುಡದ ಕಲ್ಲನ್ನೇ ಕಿತ್ತ ಹಾಗಾಯಿತು.

ಮೇಲೆ ಬಿರುಕು ಕಾಣಿಸಿ ಕೆಲವು ವರ್ಷಗಳೇ ಆಗಿದ್ದವು. 1881ರ ಬೇಸಿಗೆಯ ಕೊನೆಗೆ ಜೋರು ಮಳೆ. ಬಿರುಕು ಅಗಲವಾಯಿತು, ಕಲ್ಲುಗಳು ಉರುಳತೊಡಗಿದವು, ಕ್ವಾರಿಯ ಕೆಲಸ ನಿಲ್ಲಿಸಿದರು. ಸೆಪ್ಟೆಂಬರ್ 10ರಂದು ತಿಳಿದವರು ಹತ್ತಿ ನೋಡಿ ಬಂದರು. ತಕ್ಷಣಕ್ಕೆ ಅಪಾಯವಿಲ್ಲ ಅನ್ನಿಸಿತು.

ಮರುದಿನ ಭಾನುವಾರ. ಸಂಜೆ ಐದೂಕಾಲರ ಸುಮಾರಿಗೆ ಮೊದಲ ಕುಸಿತ. ಬಂಡೆಗಳು ಉಂಟರ್‌ಟಾಲ್ ಎಂಬ ಕೇರಿಯ ಕಡೆಗೆ ಬಂದು ನಿಂತವು. ಜನ ಓಡಿ ಬಂದರು. ಕೆಲವರು ಮನೆಯ ಸಾಮಾನು ಹೊರಗೆ ಸಾಗಿಸತೊಡಗಿದರು, ಕೆಲವರು ಅವರಿಗೆ ಕೈಜೋಡಿಸಿದರು. ಇನ್ನು ಕೆಲವರು ಎದುರಿನ ಡ್ಯೂನಿಬೆರ್ಗ್ ಇಳಿಜಾರು ಹತ್ತಿದರು, ಅಷ್ಟು ದೂರಕ್ಕೆ ಏನೂ ಬರುವುದಿಲ್ಲ ಅಂತ. 17 ನಿಮಿಷಕ್ಕೆ ಎರಡನೇ ಕುಸಿತ, ಇನ್ನೊಂದು ಬದಿಯಿಂದ. ಈಗ ಬೆಟ್ಟದ ನಡುಭಾಗಕ್ಕೆ ಎರಡೂ ಪಕ್ಕದ ಆಸರೆ ಇಲ್ಲ. ನಾಲ್ಕೇ ನಿಮಿಷದಲ್ಲಿ ಅದೂ ಬಂತು. ಸುಮಾರು ಒಂದು ಕೋಟಿ ಘನ ಮೀಟರ್ ಕಲ್ಲು. ಅದು ಕಣಿವೆಗೆ ಬಿದ್ದು ಅಲ್ಲೇ ನಿಲ್ಲಲಿಲ್ಲ. ಎದುರಿನ ಡ್ಯೂನಿಬೆರ್ಗ್ ಮೇಲೆ ನೂರು ಮೀಟರ್‌ನಷ್ಟು ಏರಿತು. ಅಲ್ಲಿ ಹತ್ತಿ ನಿಂತವರೂ ಉಳಿಯಲಿಲ್ಲ. ಆಮೇಲೆ ಪಕ್ಕಕ್ಕೆ ತಿರುಗಿ ಹೊಳೆಯ ಗುಂಟ ನೀರಿನ ಹಾಗೆ ಹರಿಯಿತು. ಎಲ್ಲ ಮುಗಿಯಲು ಒಂದು ನಿಮಿಷವೂ ಹಿಡಿಯಲಿಲ್ಲ. 110ಕ್ಕೂ ಹೆಚ್ಚು ಜನ ಸತ್ತರು. ಅಷ್ಟು ಸಣ್ಣ ಊರಿನಲ್ಲಿ ಸಾವಾಗದ ಮನೆಯೇ ಇದ್ದಿರಲಿಕ್ಕಿಲ್ಲ. ಸಹಾಯಕ್ಕೆ ಓಡಿಬಂದವರೂ ಸತ್ತರು ಎಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಬದುಕುಳಿದವರ ಮಾತುಗಳನ್ನು ಕೇಳಿ ಬರೆದುಕೊಂಡವರು ಅದೇ ಆಲ್ಬರ್ಟ್ ಹೈಮ್, ಜೊತೆಗೆ ಅರ್ನ್ಸ್ಟ್ ಬುಸ್ ಎಂಬ ಪಾದ್ರಿ. ಕಲ್ಲಿನ ರಾಶಿ ದ್ರವದ ಹಾಗೆ ಹೇಗೆ ಹರಿಯಿತು ಎಂಬ ಪ್ರಶ್ನೆ ಅಲ್ಲಿಂದ ಶುರುವಾಯಿತು. ಗುಡ್ಡ ಕುಸಿತದ ಬಗ್ಗೆ ಕೆಲಸ ಮಾಡುವವರು ಇವತ್ತಿಗೂ ಎಲ್ಮ್ ಹೆಸರು ಹೇಳುತ್ತಾರೆ.

ನೀವು ಹೋದರೆ ಊರ ಕೆಳಗಿನ ಹುಲ್ಲುಗಾವಲಲ್ಲಿ ಸ್ವಲ್ಪ ನಡೆಯಿರಿ. ನೆಲ ಸಮನಾಗಿಲ್ಲ. ದಿಬ್ಬ, ಗುಂಡಿ, ಮತ್ತೆ ದಿಬ್ಬ. ಎಲ್ಲದರ ಮೇಲೂ ಹಸಿರು ಹುಲ್ಲು, ಕೊರಳಿಗೆ ಗಂಟೆ ಕಟ್ಟಿದ ದನಗಳು. ಆ ದಿಬ್ಬಗಳೇ ಬಿದ್ದ ಬೆಟ್ಟ. ಸೋದರಮಾವ ಅಲ್ಲಿ ಒಂದು ದಿಬ್ಬದ ಮೇಲೆ ಫೋಟೋಗೆ ನಿಂತಿದ್ದರು. ನಾನು ವಿಷಯ ಹೇಳಿದ ಮೇಲೆ ಮೆಲ್ಲಗೆ ಇಳಿದು ಪಕ್ಕಕ್ಕೆ ಬಂದು ನಿಂತರು. ಫೋಟೋ ಬೇಡ ಅಂದರು.

ಈ ಊರಿನ ಬೇರೆ ಸಂಗತಿಗಳನ್ನು ಬೇಗ ಹೇಳುತ್ತೇನೆ. 1799ರ ಅಕ್ಟೋಬರ್‌ನಲ್ಲಿ ರಷ್ಯಾದ ಸೇನಾಪತಿ ಸುವೊರೊವ್ ಇಲ್ಲಿಗೆ ಬಂದಿದ್ದರು. ಇಟಲಿಯಿಂದ ಆಲ್ಪ್ಸ್ ದಾಟಿ ಬಂದ ಸೈನ್ಯ ಅದು. ಅವರು ಸೇರಿಕೊಳ್ಳಬೇಕಿದ್ದ ಇನ್ನೊಂದು ರಷ್ಯನ್ ಸೈನ್ಯ ಅಷ್ಟರಲ್ಲೇ ಜ್ಯೂರಿಕ್ ಬಳಿ ಫ್ರೆಂಚರಿಗೆ ಸೋತಿತ್ತು. ಹಿಂದೆ ಫ್ರೆಂಚರು, ಮುಂದೆ ಹಿಮ. ಎಪ್ಪತ್ತರ ಹತ್ತಿರದ ಆ ಮುದುಕ ಎಲ್ಮ್‌ನಲ್ಲಿ ತಂಗಿ, ಹಸಿದ ಸೈನಿಕರನ್ನು ಕಟ್ಟಿಕೊಂಡು 2407 ಮೀಟರ್ ಎತ್ತರದ ಪಾನಿಕ್ಸರ್ ಪಾಸ್ ಹತ್ತಿದರು. ಬಿದ್ದು, ಹೆಪ್ಪುಗಟ್ಟಿ ಸತ್ತವರು ನೂರಾರು. ಫಿರಂಗಿಗಳು ಪ್ರಪಾತ ಸೇರಿದವು. ಅವರು ತಂಗಿದ್ದ ಮನೆಯನ್ನು ಈಗಲೂ ಸುವೊರೊವ್ ಮನೆ ಅಂತಲೇ ಕರೆಯುತ್ತಾರೆ. ಬಿಸಿಲಿಗೆ ಕಪ್ಪಾದ ಇಂಥ ಮರದ ಮನೆಗಳನ್ನು ಜೋಪಾನ ಮಾಡಿದ್ದಕ್ಕೆ ಎಲ್ಮ್‌ಗೆ 1981ರಲ್ಲಿ ವಾಕರ್ ಪ್ರಶಸ್ತಿ ಬಂತು, ಕುಸಿತಕ್ಕೆ ಸರಿಯಾಗಿ ನೂರು ವರ್ಷ ತುಂಬಿದ ವರ್ಷ. ಸ್ಕೀಯಿಂಗ್‌ನಲ್ಲಿ ಮೂರು ಒಲಿಂಪಿಕ್ ಚಿನ್ನ ಗೆದ್ದ ವ್ರೆನಿ ಶ್ನೈಡರ್ ಇಲ್ಲಿಯವರೇ. ಎಲ್ಮರ್ ಸಿಟ್ರೋ ಎಂಬ ನಿಂಬೆ ಸೋಡಾ 1927ರಿಂದ ಇಲ್ಲಿಂದ ಬರುತ್ತದೆ. ಗ್ಲಾರಸ್‌ನ ಹಸಿರು ಚೀಸ್ ಸಿಕ್ಕರೆ ಮೂಸಿ ನೋಡಿ. ಅದಕ್ಕೆ ಹಾಕುವುದು ಮೆಂತ್ಯದ ಜಾತಿಯದೇ ಒಂದು ಗಿಡ. ನಮ್ಮವರಿಗೆ ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು ಬೇಸರದ ಸಂಗತಿ. ಆಡಳಿತದ ಲೆಕ್ಕದಲ್ಲಿ ಎಲ್ಮ್ ಈಗ ಬೇರೆ ಊರಲ್ಲ. ಗ್ಲಾರಸ್‌ನಲ್ಲಿ ಜನರೆಲ್ಲ ಬಯಲಲ್ಲಿ ಸೇರಿ ಕೈ ಎತ್ತಿ ತೀರ್ಮಾನ ಮಾಡುತ್ತಾರೆ. 2006ರಲ್ಲಿ ಹಾಗೇ ಸೇರಿ, ಇದ್ದ 25 ಪಂಚಾಯ್ತಿಗಳನ್ನು ಮೂರೇ ಮೂರಕ್ಕೆ ಇಳಿಸಿದರು. 2011ರಿಂದ ಎಲ್ಮ್ ಗ್ಲಾರಸ್ ಸ್ಯೂಡ್ ಎಂಬ ದೊಡ್ಡ ಪಂಚಾಯ್ತಿಯ ಒಂದು ಭಾಗ. ಖರ್ಚಿನ ದೃಷ್ಟಿಯಿಂದ ಸರಿಯೇ ಇರಬಹುದು. ಆದರೂ ಇಷ್ಟೆಲ್ಲ ಕಂಡ ಊರಿಗೆ ತನ್ನದೇ ಪಂಚಾಯ್ತಿ ಇರಬೇಕಿತ್ತು ಅಂತ ನನಗನ್ನಿಸುತ್ತದೆ.

ಕೊನೆಗೆ, ಒಂದು ತೂತಿನ ಕಥೆ. ಚಿಂಗಲ್‌ಹೋರ್ನರ್‌ನಲ್ಲಿ, ಗೆರೆಯ ಸ್ವಲ್ಪ ಕೆಳಗೆ, ಬೆಟ್ಟವನ್ನು ಆರಪಾರು ಹಾದುಹೋದ ತೂತೊಂದಿದೆ. ಹೆಸರು ಮಾರ್ಟಿನ್ಸ್‌ಲೋಖ್. ಸುಮಾರು 20 ಮೀಟರ್ ಎತ್ತರದ್ದು, ಕೆಳಗಿನಿಂದ ನೋಡಿದರೆ ಸೂಜಿಕಣ್ಣು. ಕುರಿ ಕದಿಯಲು ಬಂದ ರಾಕ್ಷಸನ ಮೇಲೆ ಸಂತ ಮಾರ್ಟಿನ್ ತನ್ನ ದೊಣ್ಣೆ ಎಸೆದ, ಅದು ಬೆಟ್ಟಕ್ಕೆ ತಾಗಿ ತೂತಾಯಿತು ಅಂತ ಊರವರ ಕಥೆ. ವರ್ಷಕ್ಕೆ ಎರಡು ಸಲ, ಮಾರ್ಚ್ 12-13ರ ಹೊತ್ತಿಗೆ ಮತ್ತು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನ, ಸೂರ್ಯ ಸರಿಯಾಗಿ ಆ ತೂತಿನ ಹಿಂದೆ ಬರುತ್ತಾನೆ. ಊರೆಲ್ಲ ಇನ್ನೂ ನೆರಳಲ್ಲಿರುವಾಗ ಒಂದು ಬೆಳಕಿನ ಕೋಲು ಕಣಿವೆ ದಾಟಿ ಬಂದು ಚರ್ಚಿನ ಗೋಪುರಕ್ಕೆ ಬೀಳುತ್ತದೆ. ಇರುವುದು ಎರಡು ನಿಮಿಷ, ಅಷ್ಟೇ.

ನಾನು ಮೊದಲ ಸಲ ಹೋದಾಗ ಮೋಡ. ಎರಡನೇ ಸಲ ಕಂಡಿತು. ಚರ್ಚಿನ ಅಂಗಳದಲ್ಲಿ ಚಳಿಗೆ ಕೈ ಉಜ್ಜಿಕೊಳ್ಳುತ್ತಾ ನಿಂತಿದ್ದವರೆಲ್ಲ ಒಮ್ಮೆಲೇ ಸುಮ್ಮನಾದರು. ಪಕ್ಕದಲ್ಲಿದ್ದ ಅಜ್ಜಿ ಟೋಪಿ ತೆಗೆದು ಮುಖ ಎತ್ತಿ ನಿಂತರು.

ಮಾರ್ಚ್‌ನಲ್ಲಿ ಬರುವವರಿದ್ದರೆ ಹಿಂದಿನ ದಿನವೇ ಬಂದು ಎಲ್ಮ್‌ನಲ್ಲಿ ಉಳಿಯಿರಿ. ಬೆಳಗ್ಗೆ ಎಂಟೂವರೆಗೆಲ್ಲ ಚರ್ಚಿನ ಹತ್ತಿರ ಇರಬೇಕು. ಸ್ವೆಟರ್, ಟೋಪಿ, ಫ್ಲಾಸ್ಕಲ್ಲಿ ಕಾಫಿ ಮರೆಯಬೇಡಿ. ನನಗೆ ಒಂದು ಮೆಸೇಜ್ ಹಾಕಿ, ನಾನೂ ಬರುತ್ತೇನೆ.