ಗೋಧಿಯ ಸಂಕರ ಹುರುಪು: ಎಫ್1 ಇಳುವರಿಯ ಲೆಕ್ಕವನ್ನು ಸುಮ್ಮನೆ ನಂಬಬೇಡಿ

ಎರಡು ತಳಿಗಳನ್ನು ಕ್ರಾಸ್ ಮಾಡಿದಾಗ ಹುಟ್ಟುವ ಮೊದಲ ಪೀಳಿಗೆ ಎಫ್1; ಅದು ಕೊಡುವ ಹೆಚ್ಚುವರಿ ಇಳುವರಿಯೇ ಸಂಕರ ಹುರುಪು. ಗೋಧಿಯಲ್ಲಿ ಶೇ 40 ಸಂಕರ ಹುರುಪು ಬಂತು ಎನ್ನುವ ಕೋಷ್ಟಕ ಕಂಡರೆ ಎರಡು ಪ್ರಶ್ನೆ ಕೇಳಲೇಬೇಕು. ಯಾವುದಕ್ಕೆ ಹೋಲಿಸಿ ಶೇ 40? ಕಾಳು ಊರಿದ್ದು ಎಷ್ಟು ಅಂತರದಲ್ಲಿ? ಧಾರವಾಡ, ವಿಜಯಪುರದ ಕಡೆಯಿಂದ ಪುಣೆಗೆ ಬಂದು ತಳಿ ಅಭಿವೃದ್ಧಿ ಓದುತ್ತಿರುವವರು ಈ ಹಿಂಗಾರಿನಲ್ಲಿ ಕ್ರಾಸಿಂಗ್‌ಗೆ ಇಳಿಯುವ ಮುಂಚೆಯೇ ಇದನ್ನು ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲನೆಯ ಪ್ರಶ್ನೆಗೆ ಒಂದು ಕಾಲ್ಪನಿಕ ಲೆಕ್ಕ. ತಾಯಿ ತಳಿ ಹೆಕ್ಟೇರಿಗೆ 42 ಕ್ವಿಂಟಲ್, ತಂದೆ 50, ಎಫ್1 52, ಹೋಲಿಕೆಗೆಂದು ಬಿತ್ತುವ, ರೈತರು ಬೆಳೆಯುವ ಚೆಕ್ ತಳಿ 54. ತಂದೆ-ತಾಯಿಯ ಸರಾಸರಿ 46ಕ್ಕೆ ಹೋಲಿಸಿದರೆ ಹುರುಪು ಶೇ 13. ಉತ್ತಮ ಪೋಷಕಕ್ಕೆ ಹೋಲಿಸಿದರೆ ಶೇ 4. ಚೆಕ್‌ಗೆ ಹೋಲಿಸಿದರೆ ಶೇ 3.7ರಷ್ಟು ನಷ್ಟ. ಮೂರೂ ಸರಿಯಾದ ಲೆಕ್ಕಗಳೇ, ಆದರೆ ರೈತನಿಗೆ ಬೇಕಾದದ್ದು ಕೊನೆಯದು.

ಎರಡನೆಯದು ಇನ್ನೂ ಮುಖ್ಯ. ಹೆಕ್ಟೇರಿಗೆ 100 ಕಿಲೋ ಬೀಜ, ಸಾವಿರ ಕಾಳಿನ ತೂಕ 40 ಗ್ರಾಂ ಎಂದರೆ ಚದರ ಮೀಟರಿಗೆ 250 ಕಾಳು ಬೀಳುತ್ತವೆ. ಎಫ್1 ಬೀಜ ಕಡಿಮೆ ಇರುವುದರಿಂದ ಸಾಮಾನ್ಯವಾಗಿ 22.5 ಸೆಂ.ಮೀ. ಸಾಲಿನಲ್ಲಿ 10 ಸೆಂ.ಮೀ.ಗೊಂದರಂತೆ ಊರುತ್ತಾರೆ. ಆಗ ಚದರ ಮೀಟರಿಗೆ ಸುಮಾರು 44 ಗಿಡ. ಇಷ್ಟು ಜಾಗ ಸಿಕ್ಕರೆ ಎಫ್1 ಗಿಡ ತೆಂಡೆಯ (ಬುಡದಿಂದ ಬರುವ ಕವಲಿನ) ಮೇಲೆ ತೆಂಡೆ ಒಡೆಯುತ್ತದೆ. ದಟ್ಟ ಬಿತ್ತನೆಯಲ್ಲಿ ಅಷ್ಟು ತೆಂಡೆಗೆ ಎಡೆಯೇ ಇರುವುದಿಲ್ಲ, ಹುರುಪೂ ಕುಗ್ಗುತ್ತದೆ. ಯುರೋಪಿನಲ್ಲಿ ಸಾಮಾನ್ಯ ಬಿತ್ತನೆಯ ದಟ್ಟಣೆಯಲ್ಲಿ ನಡೆದ ದೊಡ್ಡ ಪ್ರಯೋಗಗಳಲ್ಲಿ ಪೋಷಕಗಳ ಸರಾಸರಿಗಿಂತ ಸಿಕ್ಕಿದ್ದು ಶೇ 10ರ ಆಸುಪಾಸು.

ಮೆಕ್ಕೆಜೋಳದಷ್ಟು ಹುರುಪು ಗೋಧಿಯಲ್ಲಿ ಏಕಿಲ್ಲ? ರೊಟ್ಟಿ ಗೋಧಿಯ 42 ಕ್ರೋಮೋಸೋಮುಗಳಲ್ಲಿ ಎ, ಬಿ, ಡಿ ಎಂಬ ಮೂರು ಜೀನೋಮುಗಳಿವೆ (ಕ್ರೋಮೋಸೋಮುಗಳ ಪೂರ್ಣ ಗುಂಪುಗಳು). ಎ ಜೀನೋಮಿನ ಒಂದು ಜೀನ್ ಸೋತರೂ ಬಿ, ಡಿಗಳಲ್ಲಿರುವ ಅದರ ಸಹೋದರ ಪ್ರತಿಗಳು ಬಹಳಷ್ಟು ಸಲ ಆ ಕೆಲಸ ನಿಭಾಯಿಸುತ್ತವೆ. ಬೇರೆ ಬೆಳೆಗೆ ಸಂಕರದಿಂದ ಬರುವ ಲಾಭದ ಒಂದು ಪಾಲು ಗೋಧಿಯ ಬೀಜದಲ್ಲೇ ಸ್ಥಿರವಾಗಿ ಕೂತಿದೆ. ಮೇಲಾಗಿ ಇದು ಸ್ವಪರಾಗದ ಬೆಳೆ. ಮರೆಯಲ್ಲಿ ಉಳಿಯುವ ಕೆಟ್ಟ ಜೀನುಗಳು ತಲೆಮಾರುಗಳ ಆಯ್ಕೆಯಲ್ಲಿ ಹೆಚ್ಚಾಗಿ ಕಳೆದುಹೋಗಿರುತ್ತವೆ.

ಇನ್ನು ಕ್ರಾಸಿಂಗ್‌ನ ಕೈಕೆಲಸ: ತಾಯಿ ತೆನೆಯ ಪರಾಗಕೋಶ ತೆಗೆದು ತಂದೆಯ ಪರಾಗ ಹಾಕುವುದು. ನವೆಂಬರ್ ಮೊದಲ ಪಕ್ಷದಲ್ಲಿ ಬಿತ್ತಿದ ಗೋಧಿ ಪುಣೆಯಲ್ಲಿ ಜನವರಿಯಲ್ಲಿ ತೆನೆ ಹಾಕುತ್ತದೆ. ತೆನೆ ಎಲೆಕವಚದಿಂದ ಪೂರ್ತಿ ಹೊರಬೀಳುವ ಮೊದಲೇ, ಪರಾಗಕೋಶ ಇನ್ನೂ ಹಸಿರಾಗಿರುವಾಗ ಕೆಲಸ ಶುರು ಮಾಡಿ. ಹಳದಿಗೆ ತಿರುಗಿದರೆ ಆ ತೆನೆ ಬಿಟ್ಟುಬಿಡಿ. ಬುಡದ ಮತ್ತು ತುದಿಯ ಕಿರುತೆನೆಗಳನ್ನು ಕಿತ್ತು ನಡುವಿನ 12-14 ಮಾತ್ರ ಉಳಿಸಿ. ಪ್ರತಿ ಕಿರುತೆನೆಯಲ್ಲೂ ಹೊರಗಿನ ಎರಡು ಹೂ ಸಾಕು, ನಡುವಿನವನ್ನು ಚಿಮಟದಿಂದ ಎಳೆದುಹಾಕಿ. ಹೂವಿನ ಹೊಟ್ಟಿನ ಮೇಲ್ಭಾಗ ಕತ್ತರಿಸಿ, ಒಂದೊಂದು ಹೂವಿನಿಂದ ಮೂರೂ ಪರಾಗಕೋಶ ತೆಗೆದು, ಬಟರ್ ಪೇಪರ್ ಚೀಲ ಹಾಕಿ, ದಿನಾಂಕ ಬರೆಯಿರಿ. ಒಂದು ಪರಾಗಕೋಶ ಒಡೆದರೂ ಆ ಹೂ ತೆಗೆದು ಚಿಮಟವನ್ನು ಸ್ಪಿರಿಟ್‌ನಲ್ಲಿ ಅದ್ದಬೇಕು. ಎರಡರಿಂದ ನಾಲ್ಕು ದಿನದಲ್ಲಿ ಪರಾಗ ಹಿಡಿಯುವ ಶಲಾಕಾಗ್ರ ಗರಿಯಂತೆ ಬಿಚ್ಚಿಕೊಂಡಾಗ, ಬೆಳಗ್ಗೆ ಬಿಸಿಲೇರುವ ಹೊತ್ತಿಗೆ ತಂದೆ ತಳಿಯ ತೆನೆ ತಂದು ಚೀಲದೊಳಗೆ ತಿರುಗಿಸಿ ಪರಾಗ ಉದುರಿಸಿ. ಗೋಧಿಯ ಪರಾಗಕ್ಕೆ ಹೊಲದಲ್ಲಿ ಅರ್ಧ ಗಂಟೆಯ ಆಯಸ್ಸೂ ಕಷ್ಟ. ಆದ್ದರಿಂದ ಕಿತ್ತ ತೆನೆಯನ್ನು ಇಟ್ಟುಕೊಂಡು ಕೂರಬೇಡಿ.

ಸ್ವಪರಾಗದ ಕಾಳು ನಡುವೆ ನುಸುಳಿದರೆ ಹುರುಪಿನ ಲೆಕ್ಕವೇ ಕೆಡುತ್ತದೆ. ತಂದೆಗೆ ಮೊಳಕೆಯ ಕವಚ ನೇರಳೆ, ತಾಯಿಗೆ ಹಸಿರು ಇರುವಂತೆ ಜೋಡಿಸಿಕೊಂಡರೆ ವಾರದೊಳಗೆ ಹಸಿರು ಮೊಳಕೆಗಳನ್ನು ಕಿತ್ತು ಹಾಕಬಹುದು. ಇನ್ನೊಂದು ತೊಡಕು, ಹೊಟ್ಟು ಕತ್ತರಿಸಿದ ತೆನೆಯ ಕಾಳು ಸಣ್ಣಗೆ ಸುಕ್ಕಾಗಿರುತ್ತದೆ. ದಪ್ಪ ಕಾಳಿನ ಪೋಷಕದ ಪಕ್ಕ ಅದನ್ನು ಬಿತ್ತಿದರೆ ಎಫ್1 ಮೊಳಕೆಯಲ್ಲೇ ಹಿಂದುಳಿಯುತ್ತದೆ.

ಎಫ್1 ಗಿಡದ ಎಲೆಗಳು ತುದಿಯಿಂದ ಹಳದಿಯಾಗಿ ಒಣಗುತ್ತಾ ಬಂದರೆ ಕೂಡಲೇ ರೋಗವೆಂದು ಔಷಧಿ ಹೊಡೆಯಬೇಡಿ. ಎನ್‌ಇ1 ಮತ್ತು ಎನ್‌ಇ2 ಜೀನುಗಳು ಒಂದೇ ಗಿಡದಲ್ಲಿ ಕೂಡಿದಾಗ ಹೀಗಾಗುತ್ತದೆ. ತೀವ್ರವಾದರೆ ಗಿಡ ತೆನೆಗೂ ಬರದೆ ಸಾಯುತ್ತದೆ. ಎನ್‌ಇ2 ಮತ್ತು ತುಕ್ಕುರೋಗ ನಿರೋಧಕ ಜೀನ್ ಎಲ್‌ಆರ್13 ಎರಡೂ ಒಂದೇ ಎಂದು 2021ರಲ್ಲಿ ಖಚಿತವಾಯಿತು. ಹಾಗಾಗಿ ತುಕ್ಕು ತಡೆಯುವ ಪೋಷಕವನ್ನು ಆರಿಸುವಾಗ ಜೋಡಿಯ ಜೀನುಗಳನ್ನು ತಿಳಿದಿರಬೇಕು. ರೊಟ್ಟಿ ಗೋಧಿಗೆ 28 ಕ್ರೋಮೋಸೋಮಿನ ಖಪಲಿ ಗೋಧಿಯನ್ನು ಕ್ರಾಸ್ ಮಾಡಿದರೆ ತೊಂದರೆ ಬೇರೆ: 42 ಮತ್ತು 28 ಸೇರಿ 35 ಕ್ರೋಮೋಸೋಮಿನ ಎಫ್1, ಅದರ ತೆನೆಯಲ್ಲಿ ಬಹುಪಾಲು ಜೊಳ್ಳು. ಅಂಥ ಕ್ರಾಸಿನಲ್ಲಿ ಇಳುವರಿಯ ಹುರುಪು ಅಳೆಯುವುದಕ್ಕೆ ಅರ್ಥವಿಲ್ಲ.

ಸರಿಯಾದ ದಟ್ಟಣೆಯಲ್ಲಿ ಎಫ್1 ಪರೀಕ್ಷಿಸಲು ಎಷ್ಟು ಬೀಜ ಬೇಕು? 20 ಸೆಂ.ಮೀ. ಅಂತರದ, 5 ಮೀಟರ್ ಉದ್ದದ ಆರು ಸಾಲು ಎಂದರೆ 6 ಚದರ ಮೀಟರ್, 1500 ಕಾಳು. ಮೂರು ಪುನರಾವರ್ತನೆಗೆ 4500. ಒಂದು ತೆನೆಗೆ 20 ಕಾಳು ಕಟ್ಟಿದರೂ ಒಂದು ಜೋಡಿಗೆ 225 ತೆನೆ. ಹತ್ತು ಜೋಡಿಗೆ ಇದು ಆಗದ ಮಾತು.

ನನ್ನ ಅಭಿಪ್ರಾಯದಲ್ಲಿ ದಾರಿ ಎಫ್2, ಅಂದರೆ ಎಫ್1 ಗಿಡದ ಸ್ವಪರಾಗದ ಕಾಳಿನಿಂದ ಬೆಳೆಯುವ ಮುಂದಿನ ಪೀಳಿಗೆ. ದೂರ ಊರಿದ ಎಫ್1 ಗಿಡಗಳು ಒಂದೊಂದೂ ನೂರಾರು ಕಾಳು ಕೊಡುತ್ತವೆ. ಮರುವರ್ಷ ನವೆಂಬರಿನಲ್ಲಿ ಪೋಷಕ, ಚೆಕ್‌ಗಳ ಜೊತೆ ಎಫ್2ವನ್ನೂ ಚದರ ಮೀಟರಿಗೆ 250 ಕಾಳಿನಂತೆ ಬಿತ್ತಬಹುದು. ಹುರುಪು ಬರೀ ಪ್ರಬಲ ಜೀನುಗಳದ್ದಾದರೆ ಎಫ್2ದಲ್ಲಿ ಅದು ಅರ್ಧಕ್ಕೆ ಇಳಿಯಬೇಕು: ದಟ್ಟ ಬಿತ್ತನೆಯಲ್ಲಿ ಎಫ್1 ಪೋಷಕಗಳ ಸರಾಸರಿಗಿಂತ ಶೇ 12 ಮೇಲಿದ್ದರೆ ಎಫ್2 ಶೇ 6. ಸಾಮಾನ್ಯ ದಟ್ಟಣೆಯಲ್ಲೂ ಚೆಕ್‌ಗೆ ಸಮನಾಗಿ ನಿಂತ ಎಫ್2 ಸಿಕ್ಕರೆ ಆ ಕ್ರಾಸಿನಲ್ಲಿ ಗಿಡಗಳ ಸಂಖ್ಯೆ ಹೆಚ್ಚಿಸಿ ಆಯ್ಕೆ ಶುರು ಮಾಡಿ. ಚೆಕ್‌ಗಿಂತ ತುಂಬ ಕೆಳಗೆ ಬಿದ್ದ ಕ್ರಾಸನ್ನು, ಎಫ್1 ಕೋಷ್ಟಕದಲ್ಲಿ ಅದು ಮೊದಲ ಸಾಲಿನಲ್ಲಿದ್ದರೂ, ಅಲ್ಲಿಗೇ ನಿಲ್ಲಿಸಿ.