ನಾಲ್ಕು ಕುರ್ಚಿ, ಒಂದು ಸ್ಟೀರಿಂಗು, ನಾಲ್ಕು ಜನ ಅಜ್ಜಿಯರು

ಪಕ್ಕದ್ಮನೆ ಅಜ್ಜಿಗೆ 78 ವರ್ಷ. ಒಂದಿನ ಸಂಜೆ ಕಸದ ಡಬ್ಬ ಹೊರಗೆ ತಳ್ಳಿಕೊಂಡು ಬರ್ತಿದ್ದವರು ನನ್ನ ನೋಡಿ ನಿಂತು, ನಿಂಗೆ ಜೋರಾಗಿ ಓದೋಕೆ ಬರುತ್ತಾ ಅಂತ ಕೇಳಿದ್ರು. ಬರುತ್ತೆ ಅಂದೆ. ಅಷ್ಟೇ, ಮುಂದಿನ ಏಳು ವಾರ ನನ್ನ ಸಂಜೆಗಳೆಲ್ಲ ಕಮ್ಯುನಿಟಿ ಥಿಯೇಟರ್ ಪಾಲಾಯ್ತು.

ಅಮೆರಿಕಕ್ಕೆ ಬಂದು ಹನ್ನೊಂದು ವರ್ಷ ಆಗಿದ್ರೂ ಇದೇನು ಅಂತ ನಂಗೆ ಸರಿಯಾಗಿ ಗೊತ್ತಿರ್ಲಿಲ್ಲ. ಹವ್ಯಾಸಿ ನಾಟಕದ ತಂಡ ಅಂದ್ಕೊಳ್ಳಿ, ಒಬ್ರಿಗೂ ಸಂಬಳ ಇಲ್ಲ, ಹಗಲು ಹಲ್ಲು ಕೀಳೋ ಡಾಕ್ಟ್ರು ರಾತ್ರಿ ಲೈಟಿಂಗ್ ಮಾಡ್ತಾರೆ, ಸ್ಕೂಲ್ ಬಸ್ ಓಡಿಸೋವ್ರು ಸೆಟ್ಟಿಗೆ ಮೊಳೆ ಹೊಡೀತಾರೆ. ಇದೇನು ಹೊಸ ಶೋಕಿಯಲ್ಲ, ಬಾಸ್ಟನ್ನಿನ ಫುಟ್‌ಲೈಟ್ ಕ್ಲಬ್ ಅನ್ನೋದು 1877ರಿಂದ ನಡ್ಕೊಂಡು ಬಂದಿದೆಯಂತೆ.

ನನ್ನ ಕೆಲಸಕ್ಕೆ 'ಆನ್ ಬುಕ್' ಅಂತ ಹೆಸರು. ಸ್ಕ್ರಿಪ್ಟ್ ತೊಡೆ ಮೇಲಿಟ್ಕೊಂಡು ಕೂತಿರೋದು, ರಿಹರ್ಸಲ್ಲಲ್ಲಿ ಯಾರಾದ್ರೂ ಮಾತು ಮರೆತು "ಲೈನ್!" ಅಂದ ತಕ್ಷಣ ಮುಂದಿನ ಮಾತು ಓದಿ ಹೇಳೋದು. ಮೊದಲ ದಿನ ಹುರುಪಲ್ಲಿ ನಾನು ಆಕ್ಟ್ ಮಾಡ್ಕೊಂಡೇ ಓದಿದೆ. ಡೈರೆಕ್ಟರ್ ಪಾಪ, ಮೆತ್ತಗೆ, ಬರೀ ಮಾತು ಸಾಕು ಅಂದ್ರು. ಯಾರ್ಯಾರು ಎಲ್ಲೆಲ್ಲಿ ಮಾತು ನುಂಗಿದ್ರು, ಎಲ್ಲಿ ಬದಲಾಯಿಸಿದ್ರು ಅಂತ ಚೀಟೀಲಿ ಬರೆದು ಕೊಡೋದೂ ನಂದೇ ಕೆಲಸ, ಅದಕ್ಕೆ ಲೈನ್ ನೋಟ್ಸ್ ಅಂತಾರೆ. ಯಾಕಂದ್ರೆ ಇಲ್ಲಿ ಇಂಥ ನಾಟಕ ಆಡೋಕೆ ಅದರ ಹಕ್ಕು ಇರೋವ್ರಿಂದ ಲೈಸೆನ್ಸ್ ತಗೋಬೇಕು, ಪ್ರತಿ ಶೋಗೂ ರಾಯಲ್ಟಿ ಕಟ್ಟಬೇಕು, ಒಪ್ಪಿಗೆ ಇಲ್ದೆ ಒಂದು ಮಾತೂ ಬದಲಾಯಿಸೋ ಹಾಗಿಲ್ಲ. ದುಡ್ಡು ಯಾರಿಗೂ ಇಲ್ಲ, ಶಿಸ್ತು ಮಾತ್ರ ಮಿಲಿಟರಿ ಥರ. ಸ್ಟೇಜ್ ಮ್ಯಾನೇಜರ್ "ಫೈವ್ ಮಿನಿಟ್ಸ್" ಅಂದ್ರೆ ಎಲ್ರೂ "ಥ್ಯಾಂಕ್ಯೂ ಫೈವ್" ಅನ್ಬೇಕು. ನಾನು ಆಫೀಸಲ್ಲೂ ಒಂದ್ಸಲ ಹಂಗಂದು ಮ್ಯಾನೇಜರ್ ಮುಖ ನೋಡೋ ಹಾಗಾಯ್ತು.

ನಾಟಕದ ಕಥೆ ಏನಂದ್ರೆ, ನಾಲ್ಕು ಜನ ವಯಸ್ಸಾದ ಹೆಂಗಸರು ಮಕ್ಕಳ ಕಣ್ತಪ್ಪಿಸಿ ಒಂದು ಹಳೇ ವ್ಯಾನ್ ಹತ್ಕೊಂಡು ಸಮುದ್ರ ನೋಡೋಕೆ ಹೊರಡ್ತಾರೆ, ಅರ್ಧ ದಾರಿಗೆ ಬಂದ್ಮೇಲೆ ಗೊತ್ತಾಗೋದು ವ್ಯಾನ್ ಓಡಿಸ್ತಿರೋಳು ಜೀವಮಾನದಲ್ಲಿ ಗಂಡನ ಪಕ್ಕದ ಸೀಟಲ್ಲಿ ಬಿಟ್ಟು ಬೇರೆಲ್ಲೂ ಕೂತವಳೇ ಅಲ್ಲ ಅಂತ. ನಾಲ್ಕು ಪಾತ್ರಕ್ಕೆ ಆಡಿಷನ್ನಿಗೆ ಬಂದ ಹೆಂಗಸರನ್ನ ನೋಡಿ ನಂಗೆ ಗಾಬರಿ ಆಯ್ತು, ಅಷ್ಟು ಜನ. ಪಾತ್ರ ಮಾಡೋ ಆಸೆ ಹೆಂಗಸರಿಗೇ ಜಾಸ್ತಿ, ನಾಟಕಗಳಲ್ಲಿ ಅವರಿಗೆ ಪಾತ್ರಗಳೇ ಕಮ್ಮಿ, ಐವತ್ತು ದಾಟಿದ್ಮೇಲಂತೂ ಒಂದೋ ಯಾರದೋ ಅಮ್ಮ, ಇಲ್ಲಾ ಇಣುಕಿ ನೋಡೋ ಪಕ್ಕದ್ಮನೆಯವಳು. ಬಂದವರಲ್ಲಿ 84 ವರ್ಷದ ಒಬ್ರಿದ್ರು, ಸೊಂಟದ ಕೀಲು ಬದಲಾಯಿಸಿದ್ದವರು. ನಿಮಗೆ ಕಷ್ಟ ಆಗಲ್ವಾ ಅಂತ ಯಾರೋ ಕೇಳಿದ್ದಕ್ಕೆ, ನಟಿ ಜೆಸ್ಸಿಕಾ ಟ್ಯಾಂಡಿ 1990ರಲ್ಲಿ ಆಸ್ಕರ್ ತಗೊಂಡಾಗ 80 ವರ್ಷ, ನಂಗೆ ನಾಲ್ಕು ವರ್ಷ ಲೇಟಾಗಿದೆ ಅಷ್ಟೇ ಅಂದ್ರು. ಅವರಿಗೆ ಹಿಂದಿನ ಸೀಟು ಸಿಕ್ತು, ನಮ್ಮ ಪಕ್ಕದ್ಮನೆಯವರಿಗೆ ಸ್ಟೀರಿಂಗು. ಎಲ್ರೂ ಹೆಸರು ಹಿಡಿದೇ ಕರೆಯೋದು ಇಲ್ಲಿ, ನನ್ನ ಬಾಯಲ್ಲಿ ಮಾತ್ರ ಕೊನೆವರೆಗೂ ಬರ್ಲಿಲ್ಲ. ಮನಸ್ಸಲ್ಲೇ ಡ್ರೈವರ್ ಅಜ್ಜಿ, ಹಿಂದಿನ ಸೀಟಿನ ಅಜ್ಜಿ ಅಂತಿದ್ದೆ.

ಸ್ಟೇಜ್ ಮೇಲೆ ವ್ಯಾನ್ ಅಂದ್ರೆ ನಾಲ್ಕು ಮರದ ಕುರ್ಚಿ, ಕೋಲಿಗೆ ಸಿಕ್ಕಿಸಿದ ಒಂದು ಸ್ಟೀರಿಂಗು. ಎಡಕ್ಕೆ ತಿರುಗಿದ್ರೆ ನಾಲ್ಕೂ ಜನ ಒಟ್ಟಿಗೆ ಬಲಕ್ಕೆ ವಾಲ್ಬೇಕು, ಬ್ರೇಕ್ ಹಾಕಿದ್ರೆ ಮುಂದಕ್ಕೆ. ಇಷ್ಟನ್ನೇ ಮೂರು ಸಂಜೆ ಪ್ರಾಕ್ಟೀಸ್ ಮಾಡಿದ್ವಿ, ಯಾಕಂದ್ರೆ ಒಬ್ರಲ್ಲ ಒಬ್ರು ಉಲ್ಟಾ ವಾಲೋವ್ರು, ತಲೆಗೆ ತಲೆ ಡಿಕ್ಕಿ. ಮಾತು ಬಾಯಿಪಾಠ ಮಾಡೋದು ಅದಕ್ಕಿಂತ ದೊಡ್ಡ ಪಾಡು. ಡ್ರೈವರ್ ಅಜ್ಜಿ ಪ್ರತಿ ಪದದ ಮೊದಲಕ್ಷರ ಮಾತ್ರ ಕಾರ್ಡಲ್ಲಿ ಬರ್ಕೊಂಡು ಅದನ್ನ ನೋಡಿ ಇಡೀ ವಾಕ್ಯ ಹೇಳೋವ್ರು, ಉಳಿದವರ ಮಾತೆಲ್ಲ ಫೋನಲ್ಲಿ ರೆಕಾರ್ಡ್ ಮಾಡಿ ಮಧ್ಯ ತಮ್ಮ ಮಾತಿಗೆ ಜಾಗ ಬಿಟ್ಕೊಂಡಿದ್ರು. ಬೆಳಿಗ್ಗೆ ನಾನು ಕಾರ್ ತೆಗೆಯೋ ಹೊತ್ತಿಗೆ ಅವರು ಒಬ್ರೇ ರಸ್ತೇಲಿ ಯಾರ ಜೊತೆಗೋ ಜಗಳ ಆಡ್ಕೊಂಡು ವಾಕಿಂಗ್ ಹೋಗ್ತಿರೋರು.

ಸ್ಕ್ರಿಪ್ಟಲ್ಲಿ ಹಲ್ಲುಸೆಟ್ಟಿನ ಜೋಕು, ಕಿವಿ ಮೆಷಿನ್ನಿನ ಜೋಕು ಸಾಕಷ್ಟಿತ್ತು. ನನ್ನ ಕೇಳಿದ್ರೆ ಅವೆಲ್ಲ ದಂಡ, ಶುಕ್ರವಾರದ ಮೊದಲ ಶೋದಲ್ಲಿ ಜನ ಮರ್ಯಾದೆಗೆ ನಕ್ಕರು ಅಷ್ಟೇ. ಡ್ರೈವರ್ ಅಜ್ಜಿ ಇಲ್ಲದ ಕನ್ನಡಿ ಸರಿ ಮಾಡ್ಕೊಂಡು, ಇಲ್ಲದ ಸೀಟ್ ಬೆಲ್ಟ್ ಎಳೆದು ಹಾಕ್ಕೊಂಡು, ಕಾಲ ಹತ್ರ ಬಗ್ಗಿ ನೋಡಿ, ಒಂಚೂರೂ ನಗದೆ "ಇದರಲ್ಲಿ ಬ್ರೇಕ್ ಯಾವುದು?" ಅಂದಾಗ ಮಾತ್ರ ಹಾಲ್ ಹಾರಿಹೋಗೋ ಹಂಗೆ ನಗು. ನಗಿಸೋಕೆ ಹೋಗ್ಬೇಡಿ, ನಿಮಗೆ ನಿಜಕ್ಕೂ ಸಮುದ್ರ ನೋಡ್ಬೇಕು ಅಷ್ಟೇ ಅಂತ ಡೈರೆಕ್ಟರ್ ಏಳು ವಾರದಿಂದ ಬಡ್ಕೊಂಡಿದ್ದು ಯಾಕೆ ಅಂತ ನಂಗೆ ಆಗ ತಲೆಗೆ ಹೋಯ್ತು.

ಶನಿವಾರ ಎಡವಟ್ಟಾಯ್ತು. ಡ್ರೈವರ್ ಅಜ್ಜಿ ಒಂದೇ ಏಟಿಗೆ ಎರಡು ಪುಟ ಹಾರಿಬಿಟ್ರು, ಹಾರಿದ್ದು ಅವರಿಗೇ ಗೊತ್ತಾಗಿ ಬಾಯಿ ಕಟ್ಟಿಹೋಯ್ತು. ನಾನು ಪರದೆ ಪಕ್ಕ ಕತ್ತಲೇಲಿ ಸಣ್ಣ ಟಾರ್ಚ್ ಹಿಡ್ಕೊಂಡು ಪುಟ ತಿರುಗಿಸ್ತಿದ್ದೀನಿ, ಆದ್ರೆ ನಮ್ಮ ತಂಡದಲ್ಲಿ ಶೋ ನಡೀವಾಗ ಮಾತು ಹೇಳ್ಕೊಡೋ ಹಾಗಿಲ್ಲ. ಐದು ಸೆಕೆಂಡ್ ಇರ್ಬೇಕು, ನಂಗೆ ಐದು ನಿಮಿಷ. ಆಗ ಹಿಂದಿನ ಸೀಟಿನ ಅಜ್ಜಿ, 84 ವರ್ಷದವರು, ಮುಂದಕ್ಕೆ ಬಗ್ಗಿ ಅವರ ಭುಜ ತಟ್ಟಿ, "ಆಗ್ಲೇ ಒಂದು ತಿರುವು ಬಿಟ್ಬಿಟ್ಟೆ ನೀನು. ರಿವರ್ಸ್ ತಗೋ" ಅಂದ್ರು.

ಡ್ರೈವರ್ ಅಜ್ಜಿ ಗೇರ್ ಎಳೆದ್ರು, ಕತ್ತು ತಿರುಗಿಸಿ ಹಿಂದೆ ನೋಡಿದ್ರು, ನಾಲ್ಕೂ ಜನ ಒಟ್ಟಿಗೆ ಮುಂದಕ್ಕೆ ವಾಲಿದ್ರು (ಪ್ರಾಕ್ಟೀಸ್ ಇಲ್ದೇ!), ನಿಂತ್ರು, ಬಿಟ್ಟುಹೋದ ಮಾತು ಸಿಕ್ತು. ಜನಕ್ಕೆ ಏನೂ ಗೊತ್ತಾಗ್ಲಿಲ್ಲ, ಚಪ್ಪಾಳೆ ಹೊಡೆದ್ರು.

ಶೋ ಮುಗಿದ್ಮೇಲೆ ಡೈರೆಕ್ಟರ್ ಇಬ್ರನ್ನೂ ತಬ್ಕೊಂಡು, ಅದ್ಭುತ, ಆದ್ರೆ ಲೈಸೆನ್ಸ್ ನೆನಪಿರ್ಲಿ, ಇನ್ನೊಂದ್ಸಲ ಬೇಡ ಅಂದ್ರು. ಸರಿ ಸರಿ ಅಂತ ಇಬ್ರೂ ತಲೆ ಆಡಿಸಿದ್ರು, ಸ್ಕೂಲ್ ಮಕ್ಕಳ ಥರ.

ಭಾನುವಾರ ಮಧ್ಯಾಹ್ನ ಕೊನೇ ಶೋ. ಅದೇ ಜಾಗ ಬಂತು. ಡ್ರೈವರ್ ಅಜ್ಜಿ ಮತ್ತೆ ಎರಡು ಪುಟ ಹಾರಿ ನಿಂತ್ರು, ಆದ್ರೆ ಈ ಸಲ ಮುಖದಲ್ಲಿ ಗಾಬರಿ ಇಲ್ಲ, ಬೆಳಿಗ್ಗೆ ತಾನೇ ಆ ಎರಡು ಪುಟದ ಮಾತನ್ನ ರಸ್ತೇಲಿ ಹೇಳ್ಕೊಂಡು ಹೋಗ್ತಿದ್ದದ್ದನ್ನ ನಾನೇ ಕೇಳಿದ್ದೀನಿ. ಹಿಂದಿನ ಸೀಟಿನ ಅಜ್ಜಿ ಆಗ್ಲೇ ಮುಂದಕ್ಕೆ ಬಗ್ತಿದ್ರು.

ಲೈನ್ ನೋಟ್ಸಲ್ಲಿ ಆ ಪುಟಕ್ಕೆ ನಾನು ಏನೂ ಬರೀಲಿಲ್ಲ.