ಆಸ್ರಿಗೆ ಒಂದು ಲೋಟ ಕಷಾಯ

ಕಳೆದ ಭಾನುವಾರ ಆಫೀಸಿನ ಗೆಳೆಯನೊಬ್ಬ ಮನೆಗೆ ಬಂದಿದ್ದ. ಮಂಡ್ಯದವನು. ಕಾಫಿನಾ ಟೀನಾ ಅಂತ ಕೇಳುವ ಬದಲು ಕಷಾಯ ಮಾಡಲಾ ಅಂದೆ. ಮುಖ ಸಣ್ಣ ಮಾಡಿಕೊಂಡು, "ಯಾಕ್ ಗುರೂ, ನಂಗೇನಾಗಿದೆ, ಚೆನ್ನಾಗೇ ಇದೀನಲ್ಲ" ಅಂದ.

ಅವನ ತಪ್ಪಲ್ಲ ಬಿಡಿ. ಬೆಂಗಳೂರಿನಲ್ಲಿ ಕಷಾಯ ಅಂದರೆ ಜ್ವರ, ಕೆಮ್ಮು, ಮೂಗು ಹಿಡಿದುಕೊಂಡು ನುಂಗುವ ಕಹಿ ನೀರು. ನಮ್ಮ ಶಿರಸಿ ಕಡೆ ಹಾಗಲ್ಲ. ಮನೆಗೆ ಯಾರೇ ಬಂದರೂ ಮೊದಲು ಕುಡಿಯಲು ನೀರು, ಜೊತೆಗೆ ಒಂದು ತುಂಡು ಬೆಲ್ಲ, ಆಮೇಲೆ "ಆಸ್ರಿಗೆ ಎಂತ ಅಡ್ಡಿಲ್ಲೆ?" ಅನ್ನುವ ಪ್ರಶ್ನೆ. ಆಸರು ಅಂದರೆ ಬಾಯಾರಿಕೆ. ಅದಕ್ಕೆ ಉತ್ತರವಾಗಿ ಚಾ ಅನ್ನಬಹುದು, ಕಾಫಿ ಅನ್ನಬಹುದು, ಮಜ್ಜಿಗೆ ಅನ್ನಬಹುದು, ಕಷಾಯ ಅಂದರೂ ಯಾರೂ ಹಣೆ ಮುಟ್ಟಿ ನೋಡುವುದಿಲ್ಲ. ಕೊತ್ತಂಬರಿ, ಜೀರಿಗೆ ಪರಿಮಳದ, ಹಾಲು ಬೆಲ್ಲ ಹಾಕಿದ ಬಿಸಿ ಬಿಸಿ ಕಷಾಯ ಅದು. ಮಕ್ಕಳೂ ಕೇಳಿ ಕುಡಿಯುತ್ತಾರೆ. ಕಾಫಿ ಕುಡಿದರೆ ರಾತ್ರಿ ನಿದ್ದೆ ಬರಲ್ಲ ಅನ್ನುವವರಿಗಂತೂ ಸಂಜೆ ಇದೇ.

ಈಗ ಅಂಗಡಿಗಳಲ್ಲಿ ಇದೇ ಬಗೆಯದ್ದು ಹರ್ಬಲ್ ಟೀ ಅಂತ ಚಂದದ ಡಬ್ಬಿಯಲ್ಲಿ ಸಿಗುತ್ತೆ. ಟೀ ಗಿಡದ ಒಂದು ಎಲೆಯೂ ಅದರಲ್ಲಿ ಇರುವುದಿಲ್ಲ, ಹೆಸರು ಮಾತ್ರ ಟೀ. ನಾನೂ ಒಂದೆರಡು ಡಬ್ಬಿ ತಂದು ನೋಡಿದ್ದೇನೆ. ಕೆಟ್ಟದೇನಲ್ಲ. ಆದರೆ ಪುಡಿ ಮಾಡಿ ಎಷ್ಟು ತಿಂಗಳಾಗಿರುತ್ತೋ ಏನೋ, ಮುಚ್ಚಳ ತೆಗೆದರೆ ಮೂಗಿಗೆ ಬಡಿಯಬೇಕಾದ ಘಮ ಬರುವುದಿಲ್ಲ.

ಮನೆಯಲ್ಲೇ ಮಾಡಿಕೊಳ್ಳುವುದು ಸುಲಭ, ಆದರೆ ಮೊದಲ ಸಲ ನಾನು ಪೂರ್ತಿ ಕೆಡಿಸಿದ್ದೆ. ಆಯಿಗೆ ಫೋನ್ ಮಾಡಿ ಮೆಂತ್ಯ ಎಷ್ಟು ಅಂತ ಕೇಳಿದರೆ "ರಾಶಿ ಹಾಕಡ, ಚೂರು ಸಾಕು" ಅಂದಳು. ಜಾಯಿಕಾಯಿ ಎಷ್ಟು? ಚೂರು. ಏಲಕ್ಕಿ? ಅದೂ ಚೂರು. ಅವಳ ಲೆಕ್ಕದಲ್ಲಿ ಕೊತ್ತಂಬರಿ ಒಂದನ್ನು ಬಿಟ್ಟು ಎಲ್ಲವೂ ಚೂರೇ. ನಾನು ಎಲ್ಲವನ್ನೂ ಒಂದೇ ಬಾಣಲೆಗೆ ಸುರಿದು ಒಟ್ಟಿಗೆ ಹುರಿದೆ, ಕೊತ್ತಂಬರಿ ಬಿಸಿಯಾಗುವ ಹೊತ್ತಿಗೆ ಜೀರಿಗೆ ಕಪ್ಪಾಗಿತ್ತು, ಮೆಂತ್ಯ ಸೀದು ಹೋಗಿತ್ತು, ಆದರೂ ಬಿಸಾಡಲು ಮನಸ್ಸು ಬಾರದೆ ಅದನ್ನೇ ಪುಡಿ ಮಾಡಿ ಡಬ್ಬಿಗೆ ತುಂಬಿಸಿದೆ. ಕುಡಿದರೆ ಅಬ್ಬಾ ಕಹಿ. ಸಾರಿಗಾದರೂ ಆಗಲಿ ಅಂತ ಹಾಕಿದೆ, ಸಾರೂ ಹಾಳಾಯಿತು.

ಈಗ ನನ್ನ ಅಳತೆ ಹೀಗಿದೆ. ಕೊತ್ತಂಬರಿ ಬೀಜ ಒಂದು ಕಪ್, ಜೀರಿಗೆ ಅರ್ಧ ಕಪ್, ಬಡೇಸೋಪು ಕಾಲು ಕಪ್, ಕಾಳುಮೆಣಸು ಒಂದು ಚಮಚ, ಮೆಂತ್ಯ ಒಂದೇ ಚಮಚ, ಏಳೆಂಟು ಏಲಕ್ಕಿ, ಜಾಯಿಕಾಯಿ ಕಾಲು ಭಾಗ. ಮಳೆಗಾಲದಲ್ಲಿ ಒಣಶುಂಠಿ ಒಂದು ತುಂಡು ಜಾಸ್ತಿ. ಕೆಲವರ ಮನೆಯಲ್ಲಿ ಲಾವಂಚದ ಬೇರು ಸೇರಿಸುತ್ತಾರೆ, ಇನ್ನು ಕೆಲವರು ಲವಂಗ ಹಾಕುತ್ತಾರೆ. ನನಗೆ ಲವಂಗ ಬೇಡ, ಅದು ಬಂದರೆ ಬೇರೆ ಎಲ್ಲದರ ಬಾಯಿ ಮುಚ್ಚಿಸುತ್ತೆ. ಎಲ್ಲವನ್ನೂ ಬೇರೆ ಬೇರೆಯಾಗಿ, ಸಣ್ಣ ಉರಿಯಲ್ಲಿ, ಘಮ ಬರುವಷ್ಟು ಮಾತ್ರ ಬೆಚ್ಚಗೆ ಮಾಡಬೇಕು. ಸಾರಿನ ಪುಡಿಗೆ ಹುರಿದ ಹಾಗೆ ಕೆಂಪಗೆ ಹುರಿಯಬಾರದು. ಪೂರ್ತಿ ಆರಿದ ಮೇಲೆ ಮಿಕ್ಸಿಗೆ ಹಾಕಿ, ಇಲ್ಲದಿದ್ದರೆ ಬೆವರಿ ಗಂಟು ಕಟ್ಟುತ್ತೆ. ಒಂದು ತಿಂಗಳಿಗೆ ಬೇಕಾದಷ್ಟೇ ಮಾಡಿಕೊಳ್ಳಿ.

ಇಷ್ಟೆಲ್ಲ ಹೇಳುವ ನಾನೂ ಒಂದು ಸಲ ಕಷಾಯವನ್ನು ಔಷಧ ಮಾಡಲು ಹೋಗಿ ಪೆಟ್ಟು ತಿಂದಿದ್ದೇನೆ. 2020ರ ಲಾಕ್‌ಡೌನ್ ನೆನಪಿದೆ ಅಲ್ವಾ? ತುಳಸಿ, ದಾಲ್ಚಿನ್ನಿ, ಕಾಳುಮೆಣಸು, ಒಣಶುಂಠಿ, ಒಣದ್ರಾಕ್ಷಿಯ ಕಷಾಯ ಕುಡಿಯಿರಿ ಅಂತ ಆಯುಷ್ ಸಚಿವಾಲಯ ಹೇಳಿತ್ತು. ದಿನಕ್ಕೆ ಒಂದು ಅಥವಾ ಎರಡು ಸಲ ಅಂತಲೂ ಹೇಳಿತ್ತು, ಅದನ್ನು ಓದುವ ತಾಳ್ಮೆ ಯಾರಿಗಿತ್ತು! ನಾನು ಏಪ್ರಿಲ್ ಬಿಸಿಲಿನಲ್ಲಿ, ಮೆಣಸು ಶುಂಠಿ ಕೈಗೆ ಬಂದಷ್ಟು ಹಾಕಿ, ದಿನಕ್ಕೆ ನಾಲ್ಕು ಸಲ ಕುಡಿದೆ. ಮೂರನೇ ವಾರ ಬಾಯಿ ತುಂಬ ಹುಣ್ಣು, ಹೊಟ್ಟೆಯಲ್ಲಿ ಉರಿ. ಫೋನಿನಲ್ಲಿ ಡಾಕ್ಟರು ಮೊದಲು ಕೇಳಿದ್ದೇ ಎಷ್ಟು ಕಷಾಯ ಕುಡಿಯುತ್ತಿದ್ದೀರಿ ಅಂತ. ನನ್ನಂಥವರು ಅವರಿಗೆ ಆಗಲೇ ಬೇಕಾದಷ್ಟು ಜನ ಸಿಕ್ಕಿದ್ದರು ಅನ್ಸುತ್ತೆ.

ಆಯಿಗೆ ಹೇಳಿದರೆ ನಕ್ಕಳು. ಬೇಸಿಗೆಯಲ್ಲಿ ಅಂಥದ್ದನ್ನು ಊರಲ್ಲಿ ಯಾರೂ ಮುಟ್ಟುವುದಿಲ್ಲ. ಆಗೆಲ್ಲ ಮುರುಗಲು ಹಣ್ಣಿನ ಪಾನಕ, ಅದೇ ಕರಾವಳಿಯವರು ಪುನರ್ಪುಳಿ ಅನ್ನುವುದು. ಒಂದೆಲಗವನ್ನು ಹಸಿಯಾಗಿಯೇ ಕಾಯಿ, ಜೀರಿಗೆ ಜೊತೆ ರುಬ್ಬಿ ಮಜ್ಜಿಗೆ ಸೇರಿಸಿದ ತಂಬುಳಿ. ಮಾವಿನಕಾಯಿ ಬೇಯಿಸಿ ಹಿಚುಕಿ ಮಾಡಿದ ಅಪ್ಪೆಹುಳಿ. ಊಟದ ಕೊನೆಗೆ ಇದನ್ನು ಎರಡು ಲೋಟ ಕುಡಿದು ಎಚ್ಚರ ಇದ್ದವರನ್ನು ನಾನು ನೋಡಿಲ್ಲ.

ಯಾವಾಗ, ಎಷ್ಟು ಅನ್ನುವ ಲೆಕ್ಕವನ್ನು ಕೊಡಗಿನವರು ಇನ್ನೂ ಬಿಗಿಯಾಗಿ ಇಟ್ಟುಕೊಂಡಿದ್ದಾರೆ. ಅವರ ಕಕ್ಕಡ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪು ಬೇಯಿಸಿದ ನೀರಿನಲ್ಲಿ ಪಾಯಸ ಮಾಡುತ್ತಾರೆ. ಹಸಿರು ಸೊಪ್ಪು, ಬೇಯಿಸಿದ ನೀರು ಮಾತ್ರ ಗಾಢ ನೇರಳೆ. ಮಡಿಕೇರಿಯ ಗೆಳತಿಯ ಮನೆಯಲ್ಲಿ ನಾನು ಎರಡು ಬಟ್ಟಲು ತಿಂದೆ, ರುಚಿಯಾಗಿತ್ತು. ಬೆಳಿಗ್ಗೆ ಎದ್ದು ಬಾತ್‌ರೂಮಿಗೆ ಹೋದವನು ಕೆಂಪು ಬಣ್ಣ ನೋಡಿ ಎದೆ ಒಡೆದುಕೊಂಡೆ. ಹೊರಗೆ ಬಂದಾಗ ಮನೆಯವರೆಲ್ಲ ನಗುತ್ತಾ ಕಾಯುತ್ತಿದ್ದರು. ಹಾಗೆ ಆಗುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು, ಬೇಕಂತಲೇ ಹೇಳಿರಲಿಲ್ಲ.

ಇನ್ನೊಂದು ಕಡೆ ನಮ್ಮ ಉಪ್ಪಾಗೆಯ ಕಥೆ ನೋಡಿ. ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರದ ಕಾಡಿನಲ್ಲಿ ಆಗುವ ಹುಳಿ ಹಣ್ಣು. ಬೀಜದಿಂದ ತುಪ್ಪ ತೆಗೆಯುತ್ತಾರೆ, ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಿ ಮಾರುತ್ತಾರೆ. ಕೇರಳದಲ್ಲಿ ಇದೇ ಸಿಪ್ಪೆ ಮೀನು ಸಾರಿಗೆ ಹುಳಿ, ಕೊಡಗಿನಲ್ಲಿ ಇದರ ರಸ ಕಾಯಿಸಿದರೆ ಹಂದಿ ಸಾರಿಗೆ ಹಾಕುವ ಕಾಚಂಪುಳಿ. ಒಂದು ದಿನ ಮಾಲ್‌ನಲ್ಲಿ ತೆಳ್ಳಗಿನ ಹುಡುಗಿಯ ಚಿತ್ರ ಇರುವ ಮಾತ್ರೆ ಡಬ್ಬಿ ಕಂಡಿತು, ಗಾರ್ಸೀನಿಯಾ ಕಾಂಬೋಜಿಯಾ ಅಂತ. ತಿರುಗಿಸಿ ನೋಡಿದರೆ ನಮ್ಮ ಉಪ್ಪಾಗೆ! ತೂಕ ಇಳಿಸುತ್ತಂತೆ. ಅಮೆರಿಕದಲ್ಲಿ 135 ಜನರಿಗೆ 12 ವಾರ ಕೊಟ್ಟು ಪರೀಕ್ಷೆ ಮಾಡಿ, ಸುಮ್ನೆ ಕೊಟ್ಟ ಹುಸಿ ಮಾತ್ರೆಗಿಂತ ಇದರಿಂದ ಏನೂ ಹೆಚ್ಚು ಇಳಿಯಲಿಲ್ಲ ಅಂತ 1998ರಲ್ಲೇ ಪ್ರಕಟಿಸಿದ್ದಾರೆ. ಇಂಥ ಮಾತ್ರೆ ನುಂಗಿ ಲಿವರ್ ಕೆಡಿಸಿಕೊಂಡವರ ವರದಿಗಳೂ ಇವೆ. ಹುಳಿಯಾಗಿ ಸಾರಿನಲ್ಲಿ ಚೆನ್ನಾಗಿತ್ತಪ್ಪ ಅದು.

ಅಂದ ಹಾಗೆ ಮಂಡ್ಯದ ಗೆಳೆಯ ಅಂಜುತ್ತಲೇ ಒಂದು ಗುಟುಕು ಕುಡಿದ, ಆಮೇಲೆ ಇನ್ನೊಂದು ಲೋಟ ಕೇಳಿದ, ಹೋಗುವಾಗ ಪುಡಿಯನ್ನೂ ಕಟ್ಟಿಸಿಕೊಂಡು ಹೋದ. ಬುಧವಾರ ಫೋನ್ ಬಂತು. "ಹಾಲು ಒಡೆದೋಯ್ತಲ್ಲ ಗುರೂ!"

ಮುಖ್ಯವಾದದ್ದನ್ನೇ ಹೇಳಲು ಮರೆತಿದ್ದೆ. ಬೆಲ್ಲದಲ್ಲಿ ಸ್ವಲ್ಪ ಹುಳಿ ಅಂಶ ಇರುತ್ತೆ, ಹಾಲಿನ ಜೊತೆ ಕುದಿಸಿದರೆ ಒಡೆಯುತ್ತೆ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ಬೆಲ್ಲ ಹಾಕಿ ಮೂರು ನಾಲ್ಕು ನಿಮಿಷ ಚೆನ್ನಾಗಿ ಕುದಿಸಿ. ಒಲೆ ಆರಿಸಿ. ಬೇರೆ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲನ್ನು ಆಮೇಲೆ ಸೇರಿಸಿ, ಮತ್ತೆ ಒಲೆಯ ಮೇಲೆ ಇಡಬೇಡಿ. ಮತ್ತೆ ಬಿಸಿ ಮಾಡುವ ಗೋಜು ಬೇಡ ಅಂದರೆ ಎಷ್ಟು ಜನ ಇದ್ದಾರೋ ಅಷ್ಟೇ ಮಾಡಿ, ಬಿಸಿಯಾಗಿರುವಾಗಲೇ ಸೋಸಿ ಕೊಟ್ಟುಬಿಡಿ.